ಎಪ್ಪತ್ತರ ನಂತರ ಆಪರೇಷನ್: ಮತ್ತು ಇಳಿಯುವುದು ಬೇರೆ, ಅರಿವು ಮರಳುವುದು ಬೇರೆ

ಎಪ್ಪತ್ತು ತುಂಬಿದ ಎಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆಯನ್ನು ವಿಸ್ತರಿಸಲು ಕೇಂದ್ರ ಸಂಪುಟ ಒಪ್ಪಿದ್ದು 2024ರ ಸೆಪ್ಟೆಂಬರ್ 11ರಂದು. ಅಕ್ಟೋಬರ್ 29ರಂದು ಚಾಲನೆಯೂ ಸಿಕ್ಕಿತು. ಆದಾಯ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ರಾಜ್ಯದ ಪಾಲೆಷ್ಟು, ಯಾವ ಆಸ್ಪತ್ರೆ ಒಳಗೆ, ಯಾವುದು ಹೊರಗೆ ಎಂಬ ಜಗ್ಗಾಟ ಬೇರೆಯೇ ಮಾತು. ಸುದ್ದಿ ಮನೆಮನೆ ತಲುಪಿದ ಮೇಲೆ ಕೋಲಾರದ ಕಡೆಯ ಆಸ್ಪತ್ರೆಗಳ ಬೆಂಚಿನ ಮೇಲೆ ಏಳುವ ಪ್ರಶ್ನೆ ಇದು: ಖರ್ಚು ಸರ್ಕಾರದ್ದು ಎಂದಾದ ಮೇಲೂ "ವಯಸ್ಸಾಗಿದೆ, ಫಿಟ್‌ನೆಸ್ ಸಿಗಲಿಲ್ಲ" ಎಂದು ಡಾಕ್ಟರು ಹೇಳುವುದೇಕೆ?

ಇದರ ಜೊತೆಗೆ ಮೊಬೈಲಿನಲ್ಲಿ ಹರಿದಾಡುವ ತುಂಡು ಸುದ್ದಿಗಳು. ಒಂದು ದಿನ "ಪೂರ್ತಿ ಮತ್ತು ಕೊಟ್ಟರೆ ಮರೆವಿನ ಕಾಯಿಲೆ" ಎಂದಿರುತ್ತದೆ; ಇನ್ನೊಂದು ದಿನ "ಬೆನ್ನಿಗೆ ಕೊಟ್ಟರೂ ಪೂರ್ತಿ ಕೊಟ್ಟರೂ ವ್ಯತ್ಯಾಸವಿಲ್ಲ" ಎಂದು. ಎರಡರ ಹಿಂದೆಯೂ ನಿಜವಾದ ಅಧ್ಯಯನಗಳಿವೆ. ಎರಡನ್ನೂ ಕೂಡಿಸಿ ಓದಿ ಹೇಳುವವರಿಲ್ಲ, ಅಷ್ಟೆ. ಹೀಗಾಗಿ ಒಂದು ಮನೆಯಲ್ಲಿ ಎಂಬತ್ತರ ಅಜ್ಜನಿಗೆ ಬೇಕೇ ಬೇಕಾಗಿದ್ದ ಆಪರೇಷನ್ ನಿಂತುಹೋಗುತ್ತದೆ. ಇನ್ನೊಂದು ಮನೆಯಲ್ಲಿ ಬೀಡಿಯಿಂದ ಎದೆ ಕೆಟ್ಟಿರುವ ಅರವತ್ತೈದರವರನ್ನು "ಇನ್ನೂ ಗಟ್ಟಿ ಇದ್ದಾರೆ" ಎಂದು ಅವಸರವಾಗಿ ಟೇಬಲ್ಲಿನ ಮೇಲೆ ಮಲಗಿಸಲಾಗುತ್ತದೆ.

ಗೊಂದಲದ ಬೇರು ನಾವು ದಿನವೂ ಆಡುವ ಒಂದು ಮಾತಿನಲ್ಲಿದೆ: "ಮತ್ತು ಇನ್ನೂ ಇಳಿದಿಲ್ಲ." ಆಪರೇಷನ್ ಆದ ಅರ್ಧ ಗಂಟೆಗೂ ಇದೇ ಮಾತು, ಮೂರನೆಯ ದಿನಕ್ಕೂ ಇದೇ ಮಾತು, ಮೂರನೆಯ ತಿಂಗಳಿಗೂ ಇದೇ ಮಾತು. ವೈದ್ಯಶಾಸ್ತ್ರದ ಕಣ್ಣಿಗೆ ಇವು ಮೂರು ಬೇರೆ ಬೇರೆ ಸಂಗತಿಗಳು. ಕಾರಣ ಬೇರೆ, ಪರಿಹಾರ ಬೇರೆ. ವಯಸ್ಸು ಮೂರರಲ್ಲೂ ಕೈಯಾಡಿಸುತ್ತದೆ, ಆದರೆ ಒಂದೇ ರೀತಿಯಲ್ಲಿ ಅಲ್ಲ.

ಎಚ್ಚರವಾಗುವುದು ನಿಮಿಷಗಳ ಕೆಲಸ

ಮತ್ತು ಬರಿಸುವ ಅರಿವಳಿಕೆ ಎಂದರೆ ಒಂದೇ ಔಷಧಿಯಲ್ಲ. ನಿದ್ದೆಗೆ ಇಳಿಸಲು ರಕ್ತನಾಳಕ್ಕೆ ಪ್ರೊಪೊಫಾಲ್, ಆ ನಿದ್ದೆಯನ್ನು ಹಿಡಿದಿಡಲು ಉಸಿರಿನ ಜೊತೆ ಸೆವೊಫ್ಲುರೇನ್‌ನಂಥ ಅನಿಲ, ನೋವಿಗೆ ಫೆಂಟನಿಲ್, ಸ್ನಾಯುಗಳನ್ನು ಸಡಿಲಗೊಳಿಸಲು ವೆಕ್ಯುರೋನಿಯಂ ಅಥವಾ ಅಟ್ರಾಕ್ಯುರಿಯಂ. ಆಪರೇಷನ್ ಮುಗಿಯುವ ಹೊತ್ತಿಗೆ ಅನಿಲವನ್ನು ನಿಲ್ಲಿಸುತ್ತಾರೆ. ಅದು ಬಂದ ದಾರಿಯಲ್ಲೇ, ಉಸಿರಿನಲ್ಲೇ ಹೊರಹೋಗುತ್ತದೆ. ಸ್ನಾಯು ಸಡಿಲಿಸಿದ ಔಷಧಿಗೆ ಪ್ರತಿಮದ್ದು ಕೊಡುತ್ತಾರೆ. ರೋಗಿ ಕಣ್ಣು ಬಿಡುತ್ತಾರೆ, ಹೆಸರು ಕರೆದರೆ ಓಗೊಡುತ್ತಾರೆ, ಗಂಟಲಿನ ನಳಿಕೆ ತೆಗೆಯುತ್ತಾರೆ.

ಆಮೇಲೆ ಥಿಯೇಟರಿನ ಪಕ್ಕದ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಕಾಯಿಸುತ್ತಾರಲ್ಲ, ಅಲ್ಲಿ ನರ್ಸ್ ಕೈಯಲ್ಲಿರುವ ಹಾಳೆಯಲ್ಲಿ ಅಂಕ ಹಾಕುವ ಪದ್ಧತಿಯೊಂದಿದೆ. ಆಲ್ಡ್ರೆಟ್ ಎಂಬ ವೈದ್ಯರು 1970ರಲ್ಲಿ ರೂಪಿಸಿ, 1995ರಲ್ಲಿ ಪರಿಷ್ಕರಿಸಿದ್ದು. ಕೈಕಾಲು ಆಡಿಸುತ್ತಾರೆಯೇ, ಆಳವಾಗಿ ಉಸಿರೆಳೆದು ಕೆಮ್ಮಬಲ್ಲರೇ, ಬಿ.ಪಿ. ಮೊದಲಿನ ಮಟ್ಟಕ್ಕೆ ಬಂದಿದೆಯೇ, ಎಚ್ಚರವಿದೆಯೇ, ಆಮ್ಲಜನಕ ಸಾಕಷ್ಟಿದೆಯೇ ಎಂಬ ಐದಕ್ಕೆ ತಲಾ ಎರಡು ಅಂಕ. ಹತ್ತಕ್ಕೆ ಒಂಬತ್ತು ಬಂದರೆ ವಾರ್ಡಿಗೆ. ಇಪ್ಪತ್ತೈದರ ಹುಡುಗ ಇದನ್ನು ಬೇಗ ದಾಟುತ್ತಾನೆ, ಎಪ್ಪತ್ತೈದರವರು ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ. ಬಹುತೇಕ ಹಿರಿಯರೂ ಅದೇ ದಿನ ದಾಟಿಯೇ ದಾಟುತ್ತಾರೆ. ಮತ್ತು ಇಳಿಯಿತು ಎಂದು ಶಾಸ್ತ್ರ ಹೇಳುವುದು ಇದನ್ನೇ.

ಗಮನಿಸಿ: ಈ ಐದು ಪ್ರಶ್ನೆಗಳಲ್ಲಿ "ನೀವು ಎಲ್ಲಿದ್ದೀರಿ, ಇವತ್ತು ಯಾವ ವಾರ" ಎಂಬುದಿಲ್ಲ.

ಮೈ ಬದಲಾದರೆ ಔಷಧಿಯ ನಡೆಯೂ ಬದಲು

ವಯಸ್ಸಾದವರಿಗೆ ಕಡಿಮೆ ಮತ್ತು ಸಾಕು. ಕರುಣೆಯಿಂದ ಕಡಿಮೆ ಕೊಡುವುದಲ್ಲ, ಇದು ಲೆಕ್ಕ. ನಲವತ್ತರ ನಂತರ ಪ್ರತಿ ದಶಕಕ್ಕೆ ಸುಮಾರು ಶೇ 6ರಂತೆ ಅನಿಲದ ಅಗತ್ಯ ಇಳಿಯುತ್ತ ಹೋಗುತ್ತದೆ. ನಲವತ್ತರಲ್ಲಿ ಬೇಕಾದಷ್ಟರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು ಎಂಬತ್ತರಲ್ಲಿ ಸಾಕು. ಪ್ರೊಪೊಫಾಲ್ ಅನ್ನು ಹರೆಯದವರಿಗೆ ಕಿಲೋ ತೂಕಕ್ಕೆ 2ರಿಂದ 2.5 ಮಿಲಿಗ್ರಾಂ ಕೊಟ್ಟರೆ, ಹಿರಿಯರಿಗೆ 1ರಿಂದ 1.5. ಫೆಂಟನಿಲ್ ಹೆಚ್ಚು ಕಡಿಮೆ ಅರ್ಧ.

ಇಲ್ಲೊಂದು ಸೂಕ್ಷ್ಮವಿದೆ. ಹಿರಿಯರಲ್ಲಿ ರಕ್ತ ನಿಧಾನಕ್ಕೆ ಸುತ್ತುತ್ತದೆ. ಮುಂಗೈಗೆ ಚುಚ್ಚಿದ ಔಷಧಿ ಮಿದುಳು ತಲುಪಲು ಹೊತ್ತು ಹಿಡಿಯುತ್ತದೆ. "ಇನ್ನೂ ನಿದ್ದೆ ಬಂದಿಲ್ಲವಲ್ಲ" ಎಂದು ತಾಳ್ಮೆಗೆಟ್ಟು ಇನ್ನೊಂದಿಷ್ಟು ಒತ್ತಿದರೆ ಎರಡೂ ಒಟ್ಟಿಗೆ ಕೆಲಸ ಮಾಡಿ ಬಿ.ಪಿ. ಕುಸಿಯುತ್ತದೆ. ಗಡಸಾದ ರಕ್ತನಾಳಗಳು, ವೇಗ ಹೆಚ್ಚಿಸಿಕೊಳ್ಳಲಾರದ ಹೃದಯ ಆ ಕುಸಿತವನ್ನು ಬೇಗ ಸರಿಪಡಿಸಿಕೊಳ್ಳಲಾರವು. ಹಿರಿಯರ ಅರಿವಳಿಕೆಯಲ್ಲಿ ಕೈಚಳಕ ಎಂದರೆ ಬಹುಪಾಲು ಕಾಯುವುದೇ.

ಔಷಧಿ ಹೊರಹೋಗುವ ದಾರಿಗಳೂ ಕಿರಿದಾಗಿರುತ್ತವೆ. ಮೈಯಲ್ಲಿ ನೀರಿನಂಶ ಇಳಿದು ಕೊಬ್ಬಿನ ಪಾಲು ಏರಿರುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಿಗಳು ಅಲ್ಲಿ ಅಡಗಿ ಕುಳಿತು ನಿಧಾನವಾಗಿ ಹೊರಬರುತ್ತವೆ. ಯಕೃತ್ತಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಮೂತ್ರಪಿಂಡದ ಸೋಸುವ ಶಕ್ತಿ ನಲವತ್ತರ ನಂತರ ವರ್ಷವರ್ಷವೂ ಒಂದಿಷ್ಟು ಕುಗ್ಗುತ್ತದೆ. ಅದು ರಕ್ತಪರೀಕ್ಷೆಯಲ್ಲಿ ಕಾಣಿಸದೆಯೂ ಇರಬಹುದು ಎಂಬುದೇ ಮೋಸ. ಆ ಪರೀಕ್ಷೆಯಲ್ಲಿ ಅಳೆಯುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಹುಟ್ಟುವುದು ಸ್ನಾಯುವಿನಲ್ಲಿ. ಬಡಕಲು ಅಜ್ಜಿಯ ಮೈಯಲ್ಲಿ ಸ್ನಾಯುವೇ ಇಲ್ಲ. ಹಾಗಾಗಿ ಮೂತ್ರಪಿಂಡ ಸೋತಿದ್ದರೂ ಅಂಕಿ "ನಾರ್ಮಲ್" ಎಂದೇ ಬರುತ್ತದೆ. ವರದಿಯ ಚೀಟಿ ಹಿಡಿದು "ಎಲ್ಲ ಸರಿಯಿದೆಯಂತೆ" ಎಂದು ಸಮಾಧಾನಪಡುವ ಮೊದಲು ಆ ಅಂಕಿಯನ್ನು ವಯಸ್ಸು, ತೂಕದ ಜೊತೆ ಇಟ್ಟು ನೋಡಬೇಕು.

ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಹಿರಿಯರಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಣ್ಣು ಬಿಟ್ಟರೂ ಗಂಟಲಿನ ಸ್ನಾಯು ಪೂರ್ತಿ ಬಿಗಿಯಾಗಿರುವುದಿಲ್ಲ. ನುಂಗಿದ್ದು ಶ್ವಾಸಕೋಶದ ಕಡೆ ಜಾರಿ ನಾಲ್ಕು ದಿನಕ್ಕೆ ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳಬಹುದು. ಅಟ್ರಾಕ್ಯುರಿಯಂ ಮಾತ್ರ ಯಕೃತ್ತು, ಮೂತ್ರಪಿಂಡಗಳ ಹಂಗಿಲ್ಲದೆ ಬಹುಮಟ್ಟಿಗೆ ರಕ್ತದಲ್ಲೇ ತಾನಾಗಿ ಒಡೆದುಹೋಗುತ್ತದೆ. ಸೋತ ಅಂಗಗಳಿರುವ ಹಿರಿಯರಿಗೆ ಹಲವು ತಜ್ಞರು ಅದನ್ನೇ ಆರಿಸುವುದು ಇದಕ್ಕೇ. ಇನ್ನು ಥಿಯೇಟರಿನ ಚಳಿ. ಮುದಿ ಮೈ ಬೇಗ ತಣ್ಣಗಾಗುತ್ತದೆ, ನಡುಗಿ ಬೆಚ್ಚಗಾಗುವ ಶಕ್ತಿಯೂ ಕಡಿಮೆ. ತಣ್ಣಗಾದ ಮೈಯಲ್ಲಿ ಔಷಧಿ ಕರಗುವುದೂ ನಿಧಾನ.

ಇದೆಲ್ಲ ಸೇರಿದರೂ ಆಗುವ ತಡ ಸಾಮಾನ್ಯವಾಗಿ ನಿಮಿಷಗಳದ್ದು, ಹೆಚ್ಚೆಂದರೆ ಗಂಟೆಗಳದ್ದು. ಮೂರನೆಯ ದಿನದ ಗೊಂದಲಕ್ಕೆ ಇವು ಪೂರ್ತಿ ಉತ್ತರವಲ್ಲ.

ಅರಳು ಮರಳಲ್ಲ, ಸನ್ನಿ

ಮುಳಬಾಗಿಲು ಕಡೆಯ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳೋಣ. ವಯಸ್ಸು 76. ಬೆಳಗಿನ ಜಾವ ಹಾಲು ಕರೆಯಲು ಹೋಗಿ ಕೊಟ್ಟಿಗೆಯ ಒದ್ದೆ ಕಲ್ಲಿನ ಮೇಲೆ ಜಾರಿ, ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆ ಮಗನ ಜೊತೆ ಮಾತಾಡಿದರು, ಎರಡು ಚಮಚ ಗಂಜಿ ಕುಡಿದರು. ಎರಡನೆಯ ರಾತ್ರಿ ಒಂದೂವರೆಗೆ ಎದ್ದು ಕೂತು ಡ್ರಿಪ್ಪಿನ ಸೂಜಿ ಕಿತ್ತುಹಾಕುತ್ತಾರೆ. ಡೈರಿಗೆ ಹಾಲು ಹಾಕುವ ಹೊತ್ತು ಮೀರಿತು ಎನ್ನುತ್ತಾರೆ. ನರ್ಸಿಗೆ ಎಂದೋ ತೀರಿಕೊಂಡ ತಂಗಿಯ ಹೆಸರು ಹಿಡಿದು ಬೈಯುತ್ತಾರೆ. ಬೆಳಗಾದರೆ ಏನೂ ನೆನಪಿಲ್ಲ, ಸಂಜೆ ಮತ್ತೆ ಶುರು.

ಮನೆಯವರು ಇದಕ್ಕೆ ಕೊಡುವ ವಿವರಣೆ ಎರಡು. ಒಂದು, ಮತ್ತು ಇಳಿದಿಲ್ಲ. ಇನ್ನೊಂದು, ಅರವತ್ತಕ್ಕೆ ಅರಳು ಮರಳು ಎಂದಿಲ್ಲವೇ, ಎಪ್ಪತ್ತಾರಕ್ಕೆ ಕೇಳಬೇಕೆ. ಎರಡೂ ತಪ್ಪು. ಎರಡನೆಯದಂತೂ ಹಾನಿಕಾರಕ ತಪ್ಪು. ಅರಳು ಮರಳು ವರ್ಷಗಟ್ಟಲೆ ಮೆಲ್ಲಗೆ ಬರುವಂಥದ್ದು. ನಿನ್ನೆ ಸಂಜೆ ಸರಿಯಿದ್ದವರು ಇಂದು ರಾತ್ರಿ ಹೀಗಾದರೆ ಅದಕ್ಕೆ ನಮ್ಮ ಹಿರಿಯರೇ ಬೇರೆ ಹೆಸರಿಟ್ಟಿದ್ದರು: ಸನ್ನಿ. ಜ್ವರ ತಲೆಗೇರಿದಾಗ ಹಿಡಿಯುತ್ತದೆ ಎನ್ನುತ್ತಿದ್ದರಲ್ಲ, ಅದೇ. ಆಪರೇಷನ್ ಆದ ಹಿರಿಯರಲ್ಲಿ ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ ಇದು ಬರುತ್ತದೆ, ಏರುತ್ತ ಇಳಿಯುತ್ತ ಇರುತ್ತದೆ, ರಾತ್ರಿ ಹೆಚ್ಚು. ಮುಖ್ಯವಾಗಿ, ಇದಕ್ಕೆ ಹುಡುಕಿದರೆ ಸಿಗುವ ಕಾರಣಗಳಿರುತ್ತವೆ.

ನಮ್ಮ ಅಜ್ಜಿಯ ವಿಷಯದಲ್ಲೇ ನೋಡಿ. ಹಿಂದಿನ ರಾತ್ರಿ ಹತ್ತರಿಂದ ತೊಟ್ಟು ನೀರೂ ಕೊಟ್ಟಿರಲಿಲ್ಲ. ಸರದಿ ಬಂದಿದ್ದು ಮಧ್ಯಾಹ್ನ. ಅಂದರೆ ಮೈ ಆಗಲೇ ಒಣಗಿತ್ತು. ಆಪರೇಷನ್ ಆದ ಮೇಲೆ ಮಲವಿಸರ್ಜನೆಯಾಗಿಲ್ಲ. ಮೂತ್ರದ ನಳಿಕೆ ತೆಗೆಯುವವರಿಲ್ಲದೆ ಉಳಿದಿದೆ, ಅಲ್ಲಿ ಸೋಂಕು ಹತ್ತಿದೆ. ನೋವಿದ್ದರೂ ಹೇಳಿಕೊಳ್ಳುವ ಜಾಯಮಾನವಲ್ಲ. ಸೋಡಿಯಂ ಇಳಿದಿದೆ. ವಾರ್ಡಿನಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟ್, ಪಕ್ಕದ ಮಂಚದವರ ಮೊಬೈಲಿನಲ್ಲಿ ಧಾರಾವಾಹಿ. ಇನ್ನೊಂದು: ಥಿಯೇಟರಿಗೆ ಕರೆದೊಯ್ಯುವಾಗ ಬಿಚ್ಚಿಸಿದ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಮೂರೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಸೊಸೆಯ ಬ್ಯಾಗಿನ ತಳದಲ್ಲಿವೆ, ಬ್ಯಾಗು ಸೊಸೆಯ ಜೊತೆ ಊರಿಗೆ ಹೋಗಿದೆ. ಕಣ್ಣು ಮಸುಕು, ಕಿವಿ ಮಂದ, ಅಗಿಯಲು ಹಲ್ಲಿಲ್ಲ, ಸುತ್ತ ಗೊತ್ತಿಲ್ಲದ ಮುಖಗಳು. ಗಟ್ಟಿಯಾದ ಮಿದುಳು ಇವೆಲ್ಲವನ್ನೂ ಒಟ್ಟಿಗೆ ತಾಳಿಕೊಂಡೀತು. ತಾಳಿಕೊಳ್ಳುವ ಮೀಸಲು ಶಕ್ತಿ ಕರಗಿದ ಮಿದುಳಿಗೆ ಇವುಗಳಲ್ಲಿ ಎರಡು ಸಾಕು.

ಅಂದರೆ ಅರಿವಳಿಕೆಯದು ಈ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಪಟ್ಟಿಯ ಉಳಿದ ಬಹುಪಾಲನ್ನು ತಿದ್ದಬಹುದು ಎಂಬುದಕ್ಕೆ ಪುರಾವೆ ಹಳೆಯದೇ. ಅಮೆರಿಕದಲ್ಲಿ ವಾರ್ಡಿಗೆ ದಾಖಲಾದ, ಎಪ್ಪತ್ತು ತುಂಬಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೀರು ಕುಡಿಸುವುದು, ನಡೆದಾಡಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸುವುದು, ರಾತ್ರಿ ಸದ್ದು ತಗ್ಗಿಸುವುದು, ದಿನ ವಾರ ನೆನಪಿಸುತ್ತ ಮಾತಾಡಿಸುವುದು, ಇಷ್ಟರಿಂದಲೇ ಸನ್ನಿ ಹಿಡಿದವರ ಪ್ರಮಾಣ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಅವರು ಆಪರೇಷನ್ ರೋಗಿಗಳಲ್ಲ, ಸಾಮಾನ್ಯ ಕಾಯಿಲೆಯವರು. ಆದರೆ ಆಮೇಲೆ ಶಸ್ತ್ರಚಿಕಿತ್ಸೆಯ ವಾರ್ಡುಗಳೂ ಇದೇ ದಾರಿ ಹಿಡಿದವು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಪಕ್ಕದಲ್ಲಿ ಕೂರುವ ಜನ ಬೇಕು, ಅದೇ ಕಷ್ಟ.

ತಪ್ಪಾಗಿ ಮಾಡುವುದು ಎರಡು: ಕೈಕಟ್ಟಿ ಹಾಕುವುದು, ನಿದ್ದೆ ಮಾತ್ರೆ ಕೊಡಿಸಿ ಎಂದು ಹಟ ಹಿಡಿಯುವುದು. ಡಯಾಜೆಪಾಂ ಗುಂಪಿನ ಮಾತ್ರೆಗಳು ಹಿರಿಯರ ಸನ್ನಿಯನ್ನು ಹೆಚ್ಚಿಸುತ್ತವೆ. ಇದಕ್ಕೊಂದು ದೊಡ್ಡ ಅಪವಾದವಿದೆ. ದಿನವೂ ಕುಡಿಯುವವರು ಆಸ್ಪತ್ರೆ ಸೇರಿ ಎರಡು ಮೂರು ದಿನ ಮದ್ಯ ಸಿಗದಾಗ ನಡುಕ, ಬೆವರು, ಭ್ರಮೆ ಬರುತ್ತದೆ. ಅಲ್ಲಿ ಅದೇ ಗುಂಪಿನ ಔಷಧಿಯೇ ಜೀವ ಉಳಿಸುತ್ತದೆ. "ಅಪ್ಪ ಕುಡಿಯುತ್ತಾರೆ" ಎಂದು ಡಾಕ್ಟರ ಮುಂದೆ ಹೇಳಲು ಮರ್ಯಾದೆ ಅಡ್ಡ ಬಂದ ಮನೆಗಳಲ್ಲಿ ಚಿಕಿತ್ಸೆ ದಿಕ್ಕು ತಪ್ಪುವುದು ಇಲ್ಲಿ.

ಸನ್ನಿಗೆ ಮೌನದ ರೂಪವೂ ಇದೆ. ಕಿರುಚುವುದಿಲ್ಲ, ಸೂಜಿ ಕೀಳುವುದಿಲ್ಲ. ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ, ಕರೆದರೆ ತಡವಾಗಿ ಹೂಂ ಎನ್ನುತ್ತಾರೆ. "ಪಾಪ, ಸುಸ್ತು, ಮಲಗಲಿ" ಎಂದು ಎಲ್ಲರೂ ಸುಮ್ಮನಿರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಇದು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

ಬೆನ್ನಿಗೋ, ಪೂರ್ತಿಯೋ?

"ವಯಸ್ಸಾದವರಿಗೆ ಪೂರ್ತಿ ಮತ್ತು ಬೇಡ, ಬೆನ್ನಿಗೆ ಕೊಡಿ" ಎಂಬುದು ಕುಟುಂಬಗಳು ಮುಂದಿಡುವ ಸಾಮಾನ್ಯ ಬೇಡಿಕೆ. ತರ್ಕ ಸರಳ: ಮಿದುಳನ್ನು ಮುಟ್ಟದಿದ್ದರೆ ಮಿದುಳು ಕೆಡದು. ವೈದ್ಯರಲ್ಲೂ ಬಹುಕಾಲ ಈ ನಂಬಿಕೆ ಇತ್ತು. ಸೊಂಟದ ಮೂಳೆ ಮುರಿದವರ ಮೇಲೆ ಎರಡು ದೊಡ್ಡ ಪ್ರಯೋಗಗಳು ಬಂದ ಮೇಲೆ ಅದು ಅಲುಗಾಡಿತು. ಅಮೆರಿಕ ಮತ್ತು ಕೆನಡಾದ 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರಿಗೇನ್ ಪ್ರಯೋಗದಲ್ಲಿ ಬೆನ್ನಿಗೆ ಕೊಟ್ಟವರಲ್ಲಿ ಶೇ 20.5, ಪೂರ್ತಿ ಮತ್ತು ಕೊಟ್ಟವರಲ್ಲಿ ಶೇ 19.7 ಮಂದಿಗೆ ಸನ್ನಿ ಹಿಡಿಯಿತು. ಚೀನಾದಲ್ಲಿ 950 ಹಿರಿಯರ ಮೇಲೆ, ಬೆನ್ನಿಗೆ ಕೊಟ್ಟವರಿಗೆ ನಿದ್ದೆಯ ಔಷಧಿಯನ್ನೂ ಕೊಡದೆ ನಡೆಸಿದ, 2022ರ ರಾಗಾ ಪ್ರಯೋಗದಲ್ಲಿ ಶೇ 6.2 ಮತ್ತು ಶೇ 5.1. ಎರಡರಲ್ಲೂ ಅಂತರ ಲೆಕ್ಕಕ್ಕೆ ಬರುವಷ್ಟಿಲ್ಲ.

ಇದರರ್ಥ ಬೆನ್ನಿನ ಇಂಜೆಕ್ಷನ್ ನಿಷ್ಪ್ರಯೋಜಕ ಎಂದಲ್ಲ. ಶ್ವಾಸಕೋಶ ಕೆಟ್ಟವರಿಗೆ ಗಂಟಲಿಗೆ ನಳಿಕೆ ಇಳಿಸದೆ ಮುಗಿದರೆ ಒಳ್ಳೆಯದೇ. ಸನ್ನಿಯಿಂದ ಕಾಪಾಡುವ ತಾಯತ ಅದಲ್ಲ ಎಂಬುದಷ್ಟೇ ಇಲ್ಲಿನ ಪಾಠ.

ಕೋಲಾರ ಜಿಲ್ಲೆಯಲ್ಲಿ ಈ ಆಯ್ಕೆಗೆ ಇನ್ನೊಂದು ಮಗ್ಗುಲಿದೆ; ಇದು ಚಿಕ್ಕಬಳ್ಳಾಪುರ, ಪಾವಗಡಗಳಿಗೂ ಅನ್ವಯ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಇಲ್ಲಿನ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನು ದಾಟಿವೆ. ದಶಕಗಟ್ಟಲೆ ಆ ನೀರು ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಕಾಣದ್ದು ಒಳಗಿನದು: ಬೆನ್ನುಮೂಳೆಯ ಸುತ್ತಲಿನ ಕಟ್ಟುಗಳಲ್ಲಿ ಸುಣ್ಣ ಕೂತು ಬೆನ್ನು, ಕತ್ತು ಮರದ ತುಂಡಿನಂತೆ ಬಿಗಿಯುತ್ತದೆ. ಅಂಥ ಬೆನ್ನಿನಲ್ಲಿ ಸೂಜಿ ತೂರುವ ಸಂದಿಯೇ ಸಿಗದು. ಸರಿ, ಪೂರ್ತಿ ಮತ್ತು ಕೊಡೋಣವೆಂದರೆ ಗಂಟಲಿಗೆ ನಳಿಕೆ ಇಳಿಸಲು ಕತ್ತು ಹಿಂದಕ್ಕೆ ಬಾಗಬೇಕು, ಅದು ಬಾಗದು. ಕ್ಯಾಮೆರಾ ಇರುವ ಉಪಕರಣ, ಅದರಲ್ಲಿ ಪಳಗಿದ ಕೈ ಬೇಕಾಗುತ್ತದೆ. "ಇಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ" ಎಂಬ ಮಾತನ್ನು ಕೈತೊಳೆದುಕೊಳ್ಳುವ ಉಪಾಯವೆಂದು ಸಿಟ್ಟಾಗುವ ಮೊದಲು ಇದನ್ನೂ ಯೋಚಿಸಬೇಕು.

ತಜ್ಞರ ನಡುವೆ ಇನ್ನೂ ಮುಗಿಯದ ವಾದ ಬೇರೆಯದು: ನಿದ್ದೆ ಎಷ್ಟು ಆಳವಿರಬೇಕು? ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ತರಂಗ ನೋಡುತ್ತ ಹಗುರವಾಗಿ ಇಟ್ಟರೆ ಸನ್ನಿ ಕಡಿಮೆ ಎಂದು ಒಂದು ಪಕ್ಷ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಗುರ ನಿದ್ದೆಯವರಲ್ಲಿ ಶೇ 19, ಆಳ ನಿದ್ದೆಯವರಲ್ಲಿ ಶೇ 28 ಮಂದಿಗೆ ಸನ್ನಿ ಬಂದಿತ್ತು. ಆದರೆ 2019ರ ಎಂಗೇಜಸ್ ಪ್ರಯೋಗದಲ್ಲಿ ತರಂಗ ನೋಡಿ ಕೊಟ್ಟವರಲ್ಲಿ ಶೇ 26, ನೋಡದೆ ಕೊಟ್ಟವರಲ್ಲಿ ಶೇ 23, ಪ್ರಯೋಜನವೇ ಕಾಣಲಿಲ್ಲ. ಹಾಗಾಗಿ ಆ ಯಂತ್ರ ಇಲ್ಲದ ಆಸ್ಪತ್ರೆಯನ್ನು ಕೀಳಾಗಿ ಕಾಣಲು ಸದ್ಯಕ್ಕೆ ಆಧಾರವಿಲ್ಲ.

ಮೂರನೆಯ ತಿಂಗಳ ಮರೆವು

ಇನ್ನು ನಿಜಕ್ಕೂ ಜನ ಹೆದರುವ ವಿಷಯ. ಆಪರೇಷನ್ ಆದ ಮೇಲೆ ಲೆಕ್ಕ ತಪ್ಪುತ್ತದೆ, ಹೆಸರು ಹೊಳೆಯುವುದಿಲ್ಲ ಎಂಬ ದೂರು. 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಅರವತ್ತು ದಾಟಿದ 1,218 ರೋಗಿಗಳಿಗೆ ಆಪರೇಷನ್ ಮೊದಲೂ ಆಮೇಲೂ ನೆನಪು, ಏಕಾಗ್ರತೆಯ ಪರೀಕ್ಷೆ ಮಾಡಿತು. ವಾರದ ಹೊತ್ತಿಗೆ ಶೇ 25.8 ಮಂದಿಯಲ್ಲಿ ಕುಸಿತ. ಮೂರು ತಿಂಗಳಿಗೆ ಶೇ 9.9. ಆಪರೇಷನ್ ಆಗದ, ಅದೇ ವಯಸ್ಸಿನವರಲ್ಲಿ ಈ ಪ್ರಮಾಣ ಶೇ 3.4 ಮತ್ತು ಶೇ 2.8. ಅಂದರೆ ದೂರು ಕಲ್ಪನೆಯಲ್ಲ. ವಯಸ್ಸು ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬುದೂ ಅಲ್ಲೇ ಕಂಡಿತು.

ಆದರೆ ಅದೇ ಅಂಕಿಗಳನ್ನು ಇನ್ನೊಂದು ತುದಿಯಿಂದ ಓದಿ: ಹತ್ತರಲ್ಲಿ ಒಂಬತ್ತು ಮಂದಿ ಮೂರು ತಿಂಗಳಲ್ಲಿ ಮೊದಲಿನಂತಾಗಿದ್ದರು. ಕುಸಿದವರಲ್ಲಿ ಕಾರಣ ಮತ್ತಿನ ಔಷಧಿಯೋ, ಆಪರೇಷನ್ ಎಬ್ಬಿಸುವ ಉರಿಯೂತವೋ, ಆಗಲೇ ಒಳಗೊಳಗೆ ಶುರುವಾಗಿದ್ದ ಮರೆವೋ ಎಂಬುದನ್ನು ಬೇರ್ಪಡಿಸುವುದು ಕಷ್ಟ. ಕತ್ತರಿಯಿಲ್ಲದೆ ಬರಿಯ ಮತ್ತನ್ನು ಯಾರಿಗೂ ಸುಮ್ಮನೆ ಕೊಡುವುದಿಲ್ಲವಲ್ಲ. 2018ರಲ್ಲಿ ತಜ್ಞರ ಗುಂಪು ಹೊಸ ಹೆಸರುಗಳನ್ನು ಗೊತ್ತುಮಾಡಿದಾಗ ಮೂವತ್ತು ದಿನದೊಳಗಿನ ಕುಸಿತವನ್ನು ಕಾಯಿಲೆಯೆಂದು ಕರೆಯದೆ "ತಡವಾದ ಚೇತರಿಕೆ" ಎಂಬ ಅರ್ಥದ ಹೆಸರು ಕೊಟ್ಟಿತು. ಸೂಕ್ತ ಹೆಸರು.

ಆ ತಡವಿರುವಾಗ ಮನೆಯವರು ತೋರಬೇಕಾದ ಸಭ್ಯತೆ ಒಂದಿದೆ. ಅರಿವಳಿಕೆ ಪಡೆದವರು ಕನಿಷ್ಠ 24 ಗಂಟೆ ವಾಹನ ಓಡಿಸಬಾರದು, ಕಾನೂನಿನ ಕಾಗದಗಳಿಗೆ ಸಹಿ ಹಾಕಬಾರದು ಎಂಬುದು ಎಲ್ಲರಿಗೂ ಹೇಳುವ ಸಲಹೆ. ಎಪ್ಪತ್ತೈದರವರ ವಿಷಯದಲ್ಲಿ ಆ ಗಡುವನ್ನು ವಾರಗಳಿಗೆ ವಿಸ್ತರಿಸಿದರೆ ನಷ್ಟವಿಲ್ಲ. ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವ ಕೆಲಸ ಕಾಯಬಹುದು.

ಮಕ್ಕಳ ತುದಿ

ವಯಸ್ಸಿನ ಮಾತು ಹಿರಿಯರಿಗಷ್ಟೇ ಅಲ್ಲ. ಎರಡರಿಂದ ಐದು ವರ್ಷದ ಮಕ್ಕಳು ಸೆವೊಫ್ಲುರೇನ್‌ನಿಂದ ಎಚ್ಚರವಾಗುವಾಗ ಅಮ್ಮನನ್ನೂ ಗುರುತಿಸದೆ ಒದ್ದಾಡಿ ಅಳುವುದುಂಟು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ, ಹಿರಿಯರ ಸನ್ನಿಗೂ ಇದಕ್ಕೂ ಸಂಬಂಧವಿಲ್ಲ. ದಿನ ತುಂಬದೆ ಹುಟ್ಟಿದ ಶಿಶುಗಳು ಮತ್ತಿನ ನಂತರ ಉಸಿರು ಮರೆಯುವ ಅಪಾಯವಿರುವುದರಿಂದ, ಗರ್ಭದ ವಾರಗಳನ್ನೂ ಸೇರಿಸಿ ಸುಮಾರು 60 ವಾರ ತುಂಬುವವರೆಗೆ ಆಪರೇಷನ್ ಆದ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮೂರು ವರ್ಷದೊಳಗಿನವರಿಗೆ ಮೂರು ಗಂಟೆ ಮೀರಿದ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2016ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದರು. ಒಂದು ಗಂಟೆಯೊಳಗಿನ ಒಂದು ಅರಿವಳಿಕೆಯಿಂದ ಐದನೆಯ ವಯಸ್ಸಿನ ಬುದ್ಧಿಮಟ್ಟಕ್ಕೆ ಧಕ್ಕೆಯಿಲ್ಲವೆಂದು 722 ಶಿಶುಗಳ ಮೇಲೆ ನಡೆದ, ಗ್ಯಾಸ್ ಎಂಬ ಹೆಸರಿನ ಪ್ರಯೋಗ 2019ರಲ್ಲಿ ತೋರಿಸಿತು. ಸುದ್ದಿಯಾಗಿ ಹೆಚ್ಚು ಓಡಿದ್ದು ಮೊದಲನೆಯದೇ.

ಆಧಾರ್‌ನ ವಯಸ್ಸು, ಮೈಯ ವಯಸ್ಸು

ಯೋಜನೆಗೆ ಅರ್ಹತೆ ಆಧಾರ್‌ನಲ್ಲಿರುವ ವಯಸ್ಸು. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಊರಿಗೆ ಊರೇ ಹೊಸ ವರ್ಷದ ದಿನ ಹುಟ್ಟಿಲ್ಲ. ನೋಂದಣಿಗೆ ಬಂದವರು ಮುಖ ನೋಡಿ ಅಂದಾಜು ಇಸವಿ ಬರೆದರು, ತಿಂಗಳು ದಿನಾಂಕವನ್ನು ಕಂಪ್ಯೂಟರ್ ತುಂಬಿಕೊಂಡಿತು. ಹೀಗೆ ಅಂದಾಜಿನ ಮೇಲೆ ನಿಂತ 70 ಎಂಬ ಗೆರೆ ಸರ್ಕಾರದ ಖಜಾನೆಗೆ ಸಾಕು, ಅರಿವಳಿಕೆ ತಜ್ಞರಿಗೆ ಸಾಲದು.

ಅವರು ನೋಡುವುದು ಮೀಸಲನ್ನು. ಕುರ್ಚಿಯಿಂದ ತಾನಾಗಿ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಹೊತ್ತು? 12 ಸೆಕೆಂಡ್ ಮೀರಿದರೆ ಬೀಳುವ ಅಪಾಯವಿದೆಯೆಂದು ಲೆಕ್ಕ. ನಿಲ್ಲದೆ ಎರಡು ಮಹಡಿ ಹತ್ತಬಲ್ಲರೇ? ಆರು ತಿಂಗಳಲ್ಲಿ ತೂಕ ಇಳಿದಿದೆಯೇ? ಸ್ನಾನ, ಬಟ್ಟೆಗೆ ಇನ್ನೊಬ್ಬರು ಬೇಕೇ? ದಿನಾ ಹೊಲಕ್ಕೆ ಹೋಗಿ ಬರುವ ಎಂಬತ್ತೆರಡರ ರೈತ, ಮಂಚ ಬಿಟ್ಟೇಳದ ಅರವತ್ತೆಂಟರ ನಿವೃತ್ತರಿಗಿಂತ ಬೇಗ ಚೇತರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮೀಸಲನ್ನು ಕರಗಿಸುವುದರಲ್ಲಿ ಊರಿನ ಚರಿತ್ರೆಯ ಪಾತ್ರವೂ ಇರುತ್ತದೆ. ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದು ನಲವತ್ತೆಂಟು ಐವತ್ತು ವರ್ಷದವರಾಗಿದ್ದ ಕಾರ್ಮಿಕರು ಈಗ ಎಪ್ಪತ್ತರ ಆಚೆಗಿದ್ದಾರೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಮಾಡಿದ ಗಾಯ ಗಣಿ ಬಿಟ್ಟ ಮೇಲೂ ಮಾಯುವುದಿಲ್ಲ, ಬೆಳೆಯಲೂಬಹುದು. ಅಂಥವರು ಹರ್ನಿಯಾ ಆಪರೇಷನ್‌ಗೆಂದು ಬಂದಾಗ "ಮೊದಲು ಎಲ್ಲಿ ಕೆಲಸ ಮಾಡುತ್ತಿದ್ದಿರಿ" ಎಂದು ತಜ್ಞರು ಕೇಳಿದರೆ ಅದು ಕುಶಲ ವಿಚಾರಣೆಯಲ್ಲ. ಕಣ್ಣಿನ ಪೊರೆಯ ಆಪರೇಷನ್‌ನಂಥವಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಕಣ್ಣಷ್ಟೇ ಮರಗಟ್ಟುತ್ತದೆ.

ಹಾಗಾಗಿ "ಫಿಟ್‌ನೆಸ್ ಸಿಗಲಿಲ್ಲ" ಎಂಬುದು ಹಲವು ಬಾರಿ "ಇವತ್ತು ಸಿಗಲಿಲ್ಲ" ಎಂದಷ್ಟೇ. ಮಂಡಿ ಬದಲಾವಣೆಯಂಥ, ಕಾಯಬಹುದಾದ ಆಪರೇಷನ್ ಆದರೆ ಸಿಕ್ಕ ಹೊತ್ತನ್ನು ಬಳಸಿಕೊಳ್ಳಬೇಕು: ರಕ್ತಹೀನತೆಗೆ ಕಬ್ಬಿಣಾಂಶ, ಕನಿಷ್ಠ ನಾಲ್ಕು ವಾರ ಬೀಡಿಗೆ ವಿದಾಯ, ದಿನವೂ ನಡಿಗೆ, ಮೊಟ್ಟೆ ಬೇಳೆ ಹಾಲು.

ಸೊಂಟದ ಮೂಳೆ ಮುರಿತದ ಲೆಕ್ಕ ಮಾತ್ರ ತಿರುಗುಮುರುಗು. ಅಲ್ಲಿ ಕಾಯುವುದೇ ಅಪಾಯ. "ಮೊದಲು ಪುತ್ತೂರು ಕಟ್ಟು ಹಾಕಿಸಿ ನೋಡೋಣ", "ಅಜ್ಜಿ ಸ್ವಲ್ಪ ಗಟ್ಟಿಯಾಗಲಿ" ಎಂದು ಕಳೆದ ಪ್ರತಿ ದಿನವೂ ಮಲಗಿದಲ್ಲೇ ಎದೆಯಲ್ಲಿ ಕಫ, ಬೆನ್ನಲ್ಲಿ ಹುಣ್ಣು, ತಲೆಯಲ್ಲಿ ಗೊಂದಲ ಸೇರಿಸುತ್ತದೆ. 48 ಗಂಟೆಯೊಳಗೆ ಆಪರೇಷನ್ ಆಗಬೇಕೆಂಬುದು ಬಹುತೇಕ ಮಾರ್ಗಸೂಚಿಗಳ ಮಾತು. ಭಾರತವೂ ಸೇರಿದ್ದ, 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇನ್ನೂ ಬೇಗ ಮಾಡಿದರೆ ಸಾವು ಕಡಿಮೆಯಾಗಲಿಲ್ಲ, ಆದರೆ ಸನ್ನಿ ಕಡಿಮೆಯಾಯಿತು.

ಕಾರ್ಡು ಬಂದ ಮೇಲೆ

ಹಣದ ಅಡ್ಡಿ ಸರಿದರೆ ಹಿರಿಯರ ಆಪರೇಷನ್‌ಗಳು ಹೆಚ್ಚುತ್ತವೆ. ಒತ್ತಡ ಮೊದಲು ಬೀಳುವುದು ಅರಿವಳಿಕೆ ತಜ್ಞರ ಮೇಲೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅವರ ಹೊತ್ತು ಬಹುಪಾಲು ಸಿಸೇರಿಯನ್‌ಗಳಿಗೇ ಹೋಗುತ್ತದೆ. ಹಾಗಾಗಿ ಶ್ರೀನಿವಾಸಪುರದ, ಬಂಗಾರಪೇಟೆಯ ಹಿರಿಯರು ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೋ ಟಮಕದ ವೈದ್ಯಕೀಯ ಕಾಲೇಜಿಗೋ ಹೋಗಬೇಕು, ಅಲ್ಲಿಂದ ಕೆಲವರು ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ. ಪರಿಚಯದ ಮುಖಗಳಿಂದ ದೂರವಾದಷ್ಟೂ ಸನ್ನಿಯ ಸಾಧ್ಯತೆ ಏರುತ್ತದೆ. ಒಳ್ಳೆಯ ಚಿಕಿತ್ಸೆ ಅರಸಿ ಹೋಗುವುದಕ್ಕೆ ತೆರುವ ಬೆಲೆ ಇದು. ತೆರದೆ ವಿಧಿಯಿಲ್ಲದ ಸಂದರ್ಭಗಳೇ ಹೆಚ್ಚು.

ಎರಡನೆಯ ಪರಿಣಾಮ ಯೋಜನೆಯ ಲೆಕ್ಕದಲ್ಲೇ ಇದೆ. ಪ್ಯಾಕೇಜಿನೊಳಗೆ ದಾಖಲಾತಿಗೆ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಸೇರುತ್ತದೆ. ಹಿರಿಯರ ಚೇತರಿಕೆ ನಡೆಯುವುದು ಆ ಹದಿನೆಂಟು ದಿನಗಳ ಹೊರಗೆ: ಮೊದಲಿನ ನಾಲ್ಕು ವಾರದ ತಯಾರಿ, ಆಮೇಲಿನ ಮೂರು ತಿಂಗಳ ಆರೈಕೆ. ಅದನ್ನು ಹೊರುವವರು ಮನೆಯವರು, ಬಹುತೇಕ ಮನೆಯ ಹೆಂಗಸರು. ಅವರ ಕೂಲಿ ಯಾವ ಕಾರ್ಡಿನಲ್ಲೂ ಬರೆದಿಲ್ಲ.

ಮೂರನೆಯದು ಉಪವಾಸದಂಥ ಸಣ್ಣ ಸಂಗತಿಗಳು. ಗಟ್ಟಿ ಆಹಾರಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಸಾಕು ಎಂಬುದು ಬಹುಕಾಲದಿಂದ ಒಪ್ಪಿತ ನಿಯಮ. ರಾತ್ರಿ ಹತ್ತರಿಂದ ಎಲ್ಲ ಬಂದ್ ಎಂಬುದು ಹಳೆಯ ರೂಢಿ. "ಸರದಿ ಎಷ್ಟು ಹೊತ್ತಿಗೆ, ನೀರು ಯಾವಾಗಿನವರೆಗೆ ಕೊಡಬಹುದು" ಎಂದು ಹಿಂದಿನ ಸಂಜೆಯೇ ಅರಿವಳಿಕೆ ತಜ್ಞರನ್ನು ಕೇಳಿದರೆ ಅಜ್ಜಿಗೆ ಒಂದು ಲೋಟ ನೀರು ಸಿಗುತ್ತದೆ. ಶುಗರ್ ಇರುವವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಉತ್ತರ ಬೇರೆ ಇರಬಹುದು, ತಜ್ಞರು ಹೇಳಿದ್ದೇ ಅಂತಿಮ.

ಸನ್ನಿಯನ್ನು ಹಿಡಿಯಲು ವಾರ್ಡಿನಲ್ಲಿ ಎರಡು ನಿಮಿಷದ ಪರೀಕ್ಷೆಯೊಂದನ್ನು ಬಳಸುತ್ತಾರೆ. ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಇದು ಯಾವ ಜಾಗ, ಇದು ಯಾವ ಇಸವಿ ಎಂದು ಕೇಳಿ, ತಿಂಗಳುಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಮುಳಬಾಗಿಲಿನ ಅಜ್ಜಿ ಆಪರೇಷನ್ ಮೊದಲೇ ಇದರಲ್ಲಿ ಅರ್ಧ ತಪ್ಪುತ್ತಾರೆ. ಅವರ ಲೆಕ್ಕ ಯುಗಾದಿಯಿಂದ ಯುಗಾದಿಗೆ, ಹುಟ್ಟಿದ್ದು "ದೊಡ್ಡ ಬರದ ಮರುವರ್ಷ". ಅವರನ್ನು ಕೇಳಬೇಕಾದದ್ದು ಮನೆಯಲ್ಲಿ ಎಷ್ಟು ಹಸು, ಯಾವುದು ಕರು ಹಾಕಿದೆ, ಇವತ್ತು ಯಾವ ವಾರ, ಅದಕ್ಕೆ ಹಿಂದಿನದು, ಅದಕ್ಕೂ ಹಿಂದಿನದು ಎಂದು. ಕೆಂದ ಹಸು ಕರು ಹಾಕಿತೇ ಇಲ್ಲವೇ ಎಂಬುದು ನರ್ಸಿಗೆ ಗೊತ್ತಿರುವುದಿಲ್ಲ. ಉತ್ತರ ಸರಿಯೇ ತಪ್ಪೇ ಎಂದು ಹೇಳಲು ಮನೆಯವರೊಬ್ಬರು ಆ ರಾತ್ರಿ ಮಂಚದ ಪಕ್ಕದಲ್ಲಿ ಇರಬೇಕು, ಕರವಸ್ತ್ರದ ಗಂಟು ಬಿಚ್ಚಿ ಕನ್ನಡಕವನ್ನು ಕೈಗೆ ಕೊಟ್ಟಿರಬೇಕು.